ತಗಡಿನ ಅಂಚು

ಮನೆಯಿಂದ,
ಜೂನ್ ೧೪, ಭಾನುವಾರ

ಪ್ರೀತಿಯ ಚಿಕ್ಕವನೇ,

ನೀನು ದೂರವಾಣಿ ಎತ್ತುವುದಿಲ್ಲವಾದ್ದರಿಂದ ಲೇಖನಿ ಹಿಡಿದಿದ್ದೇನೆ. ಹೊಸ ಊರಿನ ನೀರು ಹಿಡಿಸಿತೆ? ವಿದ್ಯುತ್ ಪ್ಯಾನೆಲಿನ ಮುಂದೆ ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೂತು ಬಂದ ನಿನ್ನ ಮಂಡಿನೋವು ಹೇಗಿದೆ? ಬರೆಯುವಾಗ 'ಪರವಾಗಿಲ್ಲ' ಎಂಬ ಒಂದೇ ಪದದಲ್ಲಿ ಮುಗಿಸಬೇಡ; ಅದು ಉತ್ತರವಲ್ಲ, ಉತ್ತರದಿಂದ ತಪ್ಪಿಸಿಕೊಳ್ಳುವ ಉಪಾಯ. ನಾನು ಆರೋಗ್ಯವಾಗಿದ್ದೇನೆ. ಅಣ್ಣನ ಕೈಯ ಕಟ್ಟು ಬಿಚ್ಚಿದ್ದಾರೆ, ಗಾಯ ಮಾಗಿದೆ. ಕಾರ್ಖಾನೆಯ ತಗಡು ಒತ್ತುವ ಪ್ರೆಸ್ಸಿಗೆ ಸಿಕ್ಕಿ ಹೋದ ಎರಡು ಬೆರಳುಗಳ ಜಾಗವನ್ನು ಅವನು ಯಾರ ಮುಂದೆಯೂ ಮುಚ್ಚಿಕೊಳ್ಳುವುದಿಲ್ಲ. ಅಂಗಿಯ ಗುಂಡಿ ಹಾಕಲು ಎಡಗೈಯನ್ನು ಪಳಗಿಸುತ್ತಿದ್ದಾನೆ. ನಾನು ನೆರವಿಗೆ ಹೋದರೆ, "ಅಮ್ಮಾ, ನಾನೇನು ಒಂದನೇ ಕ್ಲಾಸಾ?" ಎಂದು ಗದರುತ್ತಾನೆ.

ಇನ್ನು ವಿಷಯಕ್ಕೆ ಬರುತ್ತೇನೆ. ಅಂದು ಆಸ್ಪತ್ರೆಯಲ್ಲಿ ನಿಂತು, ಅಣ್ಣನ ಕಾರ್ಖಾನೆಯಲ್ಲೇ ಎಲೆಕ್ಟ್ರಿಷಿಯನ್ ಆಗಿದ್ದ ನೀನು ಕಾರ್ಖಾನೆಯವರಿಗೆ, "ಪ್ರೆಸ್ಸಿನ ಕಂಟ್ರೋಲರ್ ಬಿಚ್ಚಿ ಮೇಜಿನ ಮೇಲಿಟ್ಟು ಟೆಸ್ಟ್ ಮಾಡಿದೀನಿ, ಏನೂ ಫಾಲ್ಟ್ ಇಲ್ಲ. ಪೆಡಲ್ ತುಳೀದೆ ಅಚ್ಚು ಇಳಿಯಲ್ಲ, ಅಣ್ಣನೇ ತುಳಿದಿರ್ಬೇಕು" ಎಂದೆ. "ತುಳೀಲಿಲ್ಲ ಕಣೋ" ಎಂದು ಅವನು ಮಂಚದಿಂದ ಹೇಳಿದ್ದೂ ನಿನ್ನ ಕಿವಿಗೆ ಬಿತ್ತು. ಮರುವಾರವೇ ಬೇರೆ ಊರಿನಲ್ಲಿ ಕೆಲಸ ಹಿಡಿದು ಹೊರಟೆ. ನಿನ್ನ ಮಾತನ್ನೇ ಆಧಾರವಾಗಿಟ್ಟುಕೊಂಡು ಅವರು ಅವನನ್ನು ಅಜಾಗರೂಕನೆಂದು ತೀರ್ಮಾನಿಸಿದರು. ಅವನು ಒಪ್ಪಲಿಲ್ಲ. ಕೊನೆಗೆ ವಿಚಾರಣೆಗೆಂದು ಒಬ್ಬ ಎಂಜಿನಿಯರ್ ಹೆಣ್ಣುಮಗಳು ಬಂದಳು. ಯಂತ್ರ ಏಕೆ ಕೆಟ್ಟಿತೆಂದು ಹುಡುಕುವುದೇ ಅವಳ ವೃತ್ತಿ. ಕಾರ್ಖಾನೆಯವರು ಅವಳಿಗೆ 'ಪತ್ತೇದಾರಮ್ಮ' ಎಂದು ಹೆಸರಿಟ್ಟಿದ್ದಾರೆ. ಪ್ರೆಸ್ಸನ್ನು ಮುಟ್ಟುವ ಮೊದಲೇ ಅವಳು ಮನೆಗೆ ಬಂದು ಅಣ್ಣನನ್ನು ಕೇಳಿದಳು: "ಅವತ್ತಿನ ಕಥೆ ಇರ್ಲಿ. ಅದಕ್ಕೂ ಮುಂಚೆ ಮಷೀನ್ ಏನಾದ್ರೂ ತರಲೆ ಮಾಡ್ತಿತ್ತಾ?" ಅವನು ಯೋಚಿಸಿ, "ಪಕ್ಕದ ಕಂಪ್ರೆಸರ್ ಶುರುವಾದಾಗ ಒಮ್ಮೊಮ್ಮೆ ಪೆಡಲ್ ದೀಪ ತಾನೇ ಮಿಣುಕ್ತಿತ್ತು. ಬಲ್ಬ್ ಲೂಸ್ ಇರ್ಬೇಕು ಅಂದ್ಕೊಂಡಿದ್ದೆ" ಎಂದ.

ಅವಳು ಕಂಟ್ರೋಲರನ್ನು ಮೊದಲಿದ್ದ ಜಾಗದಲ್ಲೇ ಕೂರಿಸಿ, ಅಚ್ಚಿನ ಕೆಳಗೆ ಮರದ ದಿಮ್ಮಿಯಿಟ್ಟು, ಕಂಪ್ರೆಸರ್ ಓಡಿಸಿದಳು. ಅಣ್ಣನೊಂದಿಗೆ ನಾನೂ ಅಲ್ಲಿದ್ದೆ. ಪೆಡಲಿನ ಬಳಿ ಯಾರ ಕಾಲೂ ಇರಲಿಲ್ಲ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ದೀಪ ಮಿಣುಕಿತು; ಅಚ್ಚು ಧಡ್ಡೆಂದು ದಿಮ್ಮಿಯ ಮೇಲೆ ಬಿತ್ತು. ಅಣ್ಣ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ.

ತಂತಿಗಳು ಪ್ಯಾನೆಲಿನೊಳಗೆ ಹೋಗುವ ತೂತಿನ ಸುತ್ತ ರಬ್ಬರ್ ಉಂಗುರವಿರಬೇಕಲ್ಲವೆ? ಅದಿರಲಿಲ್ಲ. ತಯಾರಾದ ತುಂಡುಗಳನ್ನು ಎಣಿಸುವ ಮೀಟರಿಗೆ ಹೊಸ ತಂತಿ ಎಳೆಯುವಾಗ ನೀನು ಅದನ್ನು ಕಿತ್ತು, ದೊಡ್ಡದನ್ನು ಆಮೇಲೆ ಹಾಕುವೆನೆಂದು ಬಿಟ್ಟಿದ್ದೆಯಂತೆ. ತಗಡಿನ ಅಂಚು ಪೆಡಲಿನ ಎರಡು ತಂತಿಗಳ ಹೊದಿಕೆಯನ್ನು ಕೊರೆದಿತ್ತು. ಕಂಪ್ರೆಸರಿನಿಂದ ನೆಲ ನಡುಗಿದಾಗ ಬರಿದಾದ ತಾಮ್ರಕ್ಕೆ ತಾಮ್ರ ತಾಗುತ್ತಿತ್ತು. ಕಂಟ್ರೋಲರ್ ಅದನ್ನೇ ಕಾಲೆಂದು ತಿಳಿಯುತ್ತಿತ್ತು. ಕಂಟ್ರೋಲರಿನಲ್ಲಿ ದೋಷವಿಲ್ಲವೆಂಬ ನಿನ್ನ ಮಾತು ನಿಜ. ಆದರೆ ನಿನ್ನ ಮೇಜಿನ ಮೇಲೆ ಆ ಅಂಚೂ ಇರಲಿಲ್ಲ, ನಡುಗುವ ನೆಲವೂ ಇರಲಿಲ್ಲ. ಅಣ್ಣನನ್ನು ನೋಡಲು ಬಂದವರು 'ಗ್ರಹಚಾರ' ಎನ್ನುತ್ತಾರೆ. ಕಾರಣ ಕಣ್ಣೆದುರಿಗಿರುವಾಗ ಈ ಮನೆಯಲ್ಲಿ ಆ ಪದ ಬೇಡವೆಂದಿದ್ದೇನೆ. ಇದನ್ನು ಮೃದುವಾಗಿ ಬರೆಯಲು ನನಗೆ ಬರುತ್ತದೆ, ಬರೆಯಲಾರೆ. ನೀನು ಮಗುವಲ್ಲ, ಮತ್ತು ಅವನೂ ನನ್ನ ಮಗನೇ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ತಲೆಯ ಮೇಲಿಟ್ಟ ಕೈಯನ್ನು ನಾನು ತೆಗೆದಿಲ್ಲ.

ನಿನ್ನ ಅಮ್ಮ

ಮರೆಯುವ ಮುನ್ನ: ಲಕೋಟೆ ಅಂಟಿಸುವಾಗ ಅಣ್ಣ ತಡೆದು, ಅಂಚೆ ಬೇಡ, ಕೊರಿಯರಿಗೇ ಕೊಡು ಎಂದ. ಅವನು ಹೇಳಿದ್ದನ್ನು ತಿದ್ದದೆ ಬರೆಯುತ್ತಿದ್ದೇನೆ. "ಅಲ್ಲಿ ಇದೇ ಥರ ಎಷ್ಟು ಮಷೀನಿಗೆ ವೈರ್ ಎಳೆದಿದ್ದೀಯೋ, ಮೊದ್ಲು ಎಲ್ಲಾ ನಿಲ್ಸು. ಒಂದೊಂದು ತೂತೂ ನೋಡು. ಅಲ್ಲೂ ಯಾರೋ ಕೈಯಿಟ್ಕೊಂಡು ಕೂತಿರ್ತಾರೆ. ಆಮೇಲೆ ಮನೆಗೆ ಬಾ. ನನ್ನ ಮಷೀನಿಗೆ ರಬ್ಬರ್ ನೀನೇ ಹಾಕ್ಬೇಕು, ಬೇರೆಯವರನ್ನ ಮುಟ್ಟೋಕೆ ಬಿಟ್ಟಿಲ್ಲ. ನಾನು ಟಾರ್ಚ್ ಹಿಡೀತೀನಿ. ಅದಕ್ಕೆ ಮೂರು ಬೆರಳು ಸಾಕು ಕಣೋ."