ಹೆಣ್ಣುಮಕ್ಕಳ ಬಾಗಿಲಿನ ಕೀಲಿ

ನನ್ನ ಚಿಗವ್ವಾ,

ನೀನು ಹೋದ ಮೇಲೆ ಇಂಡಿ ಊರಿನ ನಮ್ಮ ಥೇಟರು ಮುಚ್ಚಿತು. ಅದು ಹೇಗೆ ಮುಚ್ಚಿತು ಅನ್ನುವುದನ್ನು ನಿನಗೆ ಬಿಟ್ಟು ಇನ್ನಾರಿಗೆ ಹೇಳಲಿ? ಉಳಿದವರೆಲ್ಲ ತಮಗೆ ಬೇಕಾದ ಹಾಗೆ ಹೇಳಿಕೊಂಡು ತಿರುಗುತ್ತಾರೆ. ನೆನೆಸಿಕೊಂಡರೆ ಈಗಲೂ ನನಗೆ ಮೈ ಉರಿಯುತ್ತದೆ.

ನಾನು ಮದುವೆಯಾಗಿ ಲಚ್ಯಾಣದಿಂದ ಇಂಡಿಗೆ ಬಂದ ಹೊಸತರಲ್ಲಿ ನೀನು ನನ್ನನ್ನು ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋದೆ. ತಗಡಿನ ಮಾಡು, ನಡುವೆ ಗೋಣಿತಟ್ಟು, ಆ ಕಡೆ ಗಂಡಸರು, ಈ ಕಡೆ ನೆಲದ ಮೇಲೆ ನಾವು. ನೀನು ಹೆಂಗಸರ ಬಾಗಿಲು ಕಾಯುವವಳು. ಆಟ ಶುರುವಾಗುತ್ತಿದ್ದಂತೆ ಹೊರಗಿನಿಂದ ಸರಪಳಿ ಸಿಕ್ಕಿಸಿ ಕೀಲಿ ಜಡಿಯಬೇಕು. ಇಲ್ಲದಿದ್ದರೆ ಯಾವ ಮನೆತನದವರೂ ಹೆಣ್ಣುಮಕ್ಕಳನ್ನು ಕಳಿಸುತ್ತಿರಲಿಲ್ಲ. ಒಳಗಿದ್ದವರೇ ಕೂಗಿ ಕೇಳುತ್ತಿದ್ದರು, "ಯಕ್ಕಾ, ಕೀಲಿ ಹಾಕಿದ್ಯೇನ್ಬೇ?" "ಹಾಕೇನಿ, ಸುಮ್ಮ ಚಿತ್ರಾ ನೋಡ್ರಿ" ಅಂತ ನೀನು ಗದರುತ್ತಿದ್ದೆ. ಕೀಲಿಯ ಸದ್ದು ಕಿವಿಗೆ ಬಿದ್ದ ಮೇಲೆಯೇ ಅವರು ತಲೆಯ ಮೇಲಿನ ಸೆರಗು ಸಡಿಲಿಸುತ್ತಿದ್ದರು.

ಆಮೇಲೆ ಆ ಬೇಸಿಗೆ... ತೆರೆಯ ಮೇಲೆ ನಾಯಕಿಯ ಕೆನ್ನೆಯಲ್ಲಿ ಕಂದು ಕಲೆಯೊಂದು ಎದ್ದು ಅಗಲವಾಗುತ್ತ ಹೋಯಿತು. ರೀಲಿಗೆ ಬೆಂಕಿ ಹತ್ತಿಕೊಂಡಿತ್ತು. ಗಂಡಸರು ಸಿಳ್ಳೆ ಹೊಡೆದರು, ಹೆಂಗಸರು ಬಾಗಿಲಿಗೆ ಬಂದು ಬಿದ್ದರು. ನಿನ್ನ ಕೈಯಲ್ಲಿ ಕೀಲಿಕೈ ತಿರುಗಲೇ ಇಲ್ಲ. ಬಾಗಿಲ ಕೆಳಗಿನ ಸಂದಿಯಿಂದ ಯಾರದೋ ಕೈ ಹೊರಗೆ ಬಂದು ನಿನ್ನ ಕಾಲು ಹಿಡಿಯಿತು ಅಂದೆಯಲ್ಲ? ಅಷ್ಟರಲ್ಲಿ ಆಪರೇಟರ್ ಬೆಂಕಿ ಆರಿಸಿದ, ಎಲ್ಲರೂ ನಕ್ಕು ಮತ್ತೆ ಕೂತರು. ನೀನು ನಗಲಿಲ್ಲ. ಮನೆಗೆ ಬಂದು ಆ ಕಾಲನ್ನು ತೊಳೆಯುತ್ತಲೇ ಇದ್ದೆ.

ಮರುದಿನ ನೀನು ಥೇಟರಿನ ಸಾಹುಕಾರರ ಮುಂದೆ ಹೋಗಿ ನಿಂತೆ. "ಸಾವ್ಕಾರ್ರ, ಕೀಲಿ ಬ್ಯಾಡ್ರಿ. ನಾ ಬಾಗಲಾ ಬಿಟ್ಟು ಕದಲೂದಿಲ್ಲ." ಅವರು ನಕ್ಕರು. "ಕೀಲಿ ತಗದ್ರ ಒಂದು ಹೆಣ್ಣ ನೊಣಾನೂ ಒಳಗ ಬರೂದಿಲ್ಲ, ತಿಳಕೊ." ಅಂದಿನಿಂದ ನೀನು ಕೀಲಿಯನ್ನು ಕೊಂಡಿಗೆ ಜೋರಾಗಿ ಬಡಿದು ಸದ್ದು ಮಾಡುತ್ತಿದ್ದೆ. ಸರಪಳಿ ಮಾತ್ರ ಸಿಕ್ಕಿಸದೆ, ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಡುತ್ತಿದ್ದೆ. ಗೊತ್ತಿದ್ದವಳು ನಾನೊಬ್ಬಳೇ. "ಯಾರ ಮುಂದನೂ ಬಾಯಿ ಬಿಡಬ್ಯಾಡ. ನಾಳೆ ನೀ ಕುಂತರ ನೀನೂ ಹಿಂಗ ಮಾಡು." ಜ್ವರದಲ್ಲಿ ನಿನ್ನ ಮಾತು ನಿಲ್ಲುವ ಮುಂಚೆಯೂ ಅದನ್ನೇ...

ಮಾಡಿದೆ ಚಿಗವ್ವಾ. ನಿನ್ನ ಜಾಗಕ್ಕೆ ನನ್ನನ್ನೇ ಕೂರಿಸಿದರು. ದಿನಾ ಬಾಗಿಲು ಬಿಸಿಯಾಗಿದೆಯೋ ಅಂತ ಅಂಗೈ ಇಟ್ಟು ನೋಡುತ್ತಿದ್ದೆ. ಒಂದು ದಿನ ಬಿಸಿಯಾಗಿಯೇ ಇತ್ತು. ಮಾಡಿನ ತಗಡು ಚಟಪಟ ಅಂದಿತು, ಹಿಂದೆಯೇ ಚೀರಾಟ. ನಾನು ಎದ್ದು ಪಕ್ಕಕ್ಕೆ ಸರಿದೆ, ಅಷ್ಟೇ. ಬಸುರಿಯರು, ಮುದುಕಿಯರು, ಕಂಕುಳ ಕೂಸುಗಳು, ಎಲ್ಲರೂ ಹೊರಗೆ ಬಂದರು. ಒಬ್ಬರ ಕೂದಲೂ ಕೊಂಕಲಿಲ್ಲ.

ಬೂದಿ ಆರುವ ಮುಂಚೆ ಊರು ಕೇಳಿದ್ದೇನು ಗೊತ್ತೇ? "ಬಾಗಲಕ್ಕ ಕೀಲಿ ಯಾಕ ಇರಲಿಲ್ಲ?" ನೀನೇ ಹೇಳಿಕೊಟ್ಟದ್ದು ಅಂತ ನಾನು ಬಾಯಿ ಬಿಡಬೇಕಾಯಿತು. ಇಷ್ಟು ದಿನ ನಮ್ಮ ಮನೆಯ ಹೆಣ್ಣುಮಕ್ಕಳನ್ನು ತೆರೆದ ಬಾಗಿಲಲ್ಲಿ ಕೂರಿಸಿದ್ದರೇ ಅಂತ ಗಂಡಸರು ಹಾರಾಡಿದರು. ಸಾಹುಕಾರರು ಹೊಸ ತಗಡು ಹಾಕಿಸಿದರು, ಗೋಡೆಗೆ ಸುಣ್ಣ ಬಳಿಸಿದರು. ಹೆಂಗಸರ ಕಡೆ ಒಬ್ಬರೂ ಕಾಲಿಡಲಿಲ್ಲ. ಕೊನೆಗೆ ಮುಚ್ಚಿಯೇ ಬಿಟ್ಟರು. ಹೊಗೆಯಲ್ಲಿ ಬಾಗಿಲು ದಾಟುತ್ತ ನನ್ನ ಹೆಗಲು ಹಿಡಿದಿದ್ದ ಬಸುರಿಯೇ ಬಾವಿಕಟ್ಟೆಯ ಮೇಲೆ, "ನಿಮ್ಮ ಚಿಗವ್ವ ನಮ್ಮ ಮರ್ಯಾದಿ ಕಳದ್ಲು" ಅಂದಳು. ಕೊಡ ಅಲ್ಲೇ ಬಿಟ್ಟು ಅಳುತ್ತ ಮನೆಗೆ ಬಂದೆ.

ಈಗ ಬಸ್ ನಿಲ್ಲುವ ಜಾಗದ ಹತ್ತಿರ ಬೇರೆಯವರ ಹೊಸ ಥೇಟರು ಎದ್ದಿದೆ. ಸಿಮೆಂಟಿನ ಗೋಡೆ, ಕರೆಂಟಿನ ಪಂಖಾ. ಹೆಂಗಸರ ಬಾಗಿಲು ಕಬ್ಬಿಣದ್ದು. ಕೀಲಿಕೈ ಬಾಗಿಲು ಕಾಯುವವಳ ಕೈಗೆ ಕೊಡಬಾರದು, ಮಾಲಕರ ಕಿಸೆಯಲ್ಲೇ ಇರಬೇಕು ಅಂತ ಊರ ಹಿರಿಯರು ಕೂತು ಠರಾಯಿಸಿದ್ದಾರೆ. ಆಟ ಶುರುವಾದ ಮೇಲೆ ಮಾಲಕರು ಊಟಕ್ಕೆ ಮನೆಗೆ ಹೋಗುತ್ತಾರಂತೆ. ಕೀಲಿ ಬೇಡ ಅಂತ ನಾನು ಹೋಗಿ ಹಿರಿಯರಿಗೆ ಕೈಮುಗಿದು ಹೇಳಿದೆ. ನನ್ನ ಮಾತು ಯಾರು ಕೇಳುತ್ತಾರೆ?

ನೀನು ಹೋದ ಮೇಲೆ ನನಗೊಬ್ಬ ಮಗಳು ಹುಟ್ಟಿದಳು ಚಿಗವ್ವಾ, ದೊಡ್ಡವಳಾಗಿದ್ದಾಳೆ. ಶುಕ್ರವಾರ ಮೊದಲ ಆಟ. ಬೇಡ ಅಂದರೂ ಕೇಳದೆ, ಗೆಳತಿಯರ ಜೊತೆ ಹೋಗೇ ಹೋಗುತ್ತೇನೆ ಅಂತ ಕುಣಿಯುತ್ತಿದ್ದಾಳೆ. ನನ್ನ ಮುಖ ನೋಡಿ, ಗಲ್ಲ ಹಿಡಿದು ಸಮಾಧಾನವನ್ನೂ ಮಾಡಿದಳು.

"ಅಂಜಬ್ಯಾಡ ಯವ್ವಾ, ಈ ಸಲ ಖರೇನ ಕೀಲಿ ಹಾಕ್ತಾರ."