ಹಗ್ಗ ದಾಟಿದ್ದಕ್ಕೆ

ಆಗಸ್ಟ್ ೯, ಬುಧವಾರ. ಸೋನ್‌ಕುಲ್ ಸರೋವರದ ಹುಲ್ಲುಗಾವಲು.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಬುರ್ಮಾಕಾನ್ ಅಜ್ಜಿಯ ಎರಡು ಕುದುರೆಮರಿಗಳು ಸತ್ತಿವೆ, ಅಪವಾದವೆಲ್ಲ ಹೊಸ ಸೊಸೆ ಚೊಲ್ಪೊನಾಯ್ ತಲೆಗೆ. ಮರಿ ಕಟ್ಟುವ ಹಗ್ಗವನ್ನು ಹೆಂಗಸರು ದಾಟಬಾರದು ಎಂಬುದು ನಮ್ಮವರ ಕಟ್ಟಳೆ. ಕುದುರೆಯ ಹಾಲು ಕರೆಯುವ ಅವಸರದಲ್ಲಿ ಅವಳು ದಾಟಿಬಿಟ್ಟಿದ್ದಳು.

"ದಾಟಿದ್ದು ಸುಳ್ಳಾ? ಸತ್ತಿದ್ದು ಸುಳ್ಳಾ? ಹೇಳು ಡಾಕ್ಟ್ರಮ್ಮ!" ಎಂದಳು ಅಜ್ಜಿ.

"ಎರಡೂ ನಿಜ ಅಜ್ಜಿ. ದಾಟಿದ್ದಕ್ಕೇ ಸತ್ವು ಅನ್ನೋದು ಮಾತ್ರ ನೀವು ಸೇರಿಸಿದ್ದು."

ಸತ್ತ ಮರಿಯ ಹೊಟ್ಟೆ ಕೊಯ್ದು ತೋರಿಸಿದೆ. ಕರುಳಿನ ತುಂಬ ಹುಳಗಳು ಗಂಟು ಬಿದ್ದಿದ್ದವು. ಅಜ್ಜಿ ಬಗ್ಗಿ ನೋಡಿದಳು. "ಸರಿ, ಹುಳ ಬಂದಿದ್ದು ಯಾತಕ್ಕೆ ಮತ್ತೆ?"

ಚೊಲ್ಪೊನಾಯ್ ಗುಡಾರದ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ತಪ್ಪು ತನ್ನದೇ ಎಂದು ಅವಳೂ ನಂಬಿದ್ದಾಳೆ. ಅದನ್ನೇ ನನ್ನಿಂದ ಸಹಿಸಲಾಗಲಿಲ್ಲ. ಉಳಿದ ಒಂಬತ್ತು ಮರಿಗಳಿಗೂ ಹುಳದ ಮದ್ದು ಕುಡಿಸಿ, ಎಲ್ಲರ ಕಣ್ಣೆದುರೇ ಹಗ್ಗ ದಾಟಿದೆ. ಅತ್ತ, ಇತ್ತ, ಮತ್ತೆ ಅತ್ತ.

"ಇನ್ನೊಂದು ಸತ್ರೆ ನನ್ನ ಹೆಸರು ಹೇಳಿ, ಅವಳದ್ದಲ್ಲ" ಎಂದೆ.

ಈಗ ಹಾಸಿಗೆಯಲ್ಲಿ ಕೂತು ಮರಿಗಳ ಸದ್ದಿಗೆ ಕಿವಿಗೊಟ್ಟಿದ್ದೇನೆ. ಇದು ಮದ್ದು ಹಾಕಿದವಳ ಕಾಳಜಿ, ಹಗ್ಗ ದಾಟಿದವಳ ಭಯವಲ್ಲ.

ಅಲ್ಲ ಎಂದೇ ಬರೆದಿಡುತ್ತೇನೆ.