ತುಂಬಿದ ಪುಟ, ಅಕ್ಕನ ನಗು

ಮಾರ್ಚ್ ೧೨, ಗುರುವಾರ

ಅಕ್ಕನ ಆ ನಗು ಇನ್ನೂ ಕಿವಿಯಲ್ಲಿದೆ. ಚೀನಾದ ಗ್ರಾಹಕರಿಗಾಗಿ ನಾವಿಬ್ಬರೂ ಸೇರಿ ಮಾಡಿದ ವೆಬ್‌ಸೈಟನ್ನು ಇವತ್ತು ಕಚೇರಿಯಲ್ಲಿ ಸಾಹೇಬರಿಗೆ ತೋರಿಸಿದೆ. ಪಶ್ಚಿಮದವರಿಗೆ ಪುಟದಲ್ಲಿ ಖಾಲಿ ಜಾಗವಿದ್ದರೆ ಅಚ್ಚುಕಟ್ಟು. ಚೀನಾದವರಿಗೆ ಅದು ಸರಕಿಲ್ಲದ ಅಂಗಡಿ. ಅಲ್ಲಿನ ಗ್ರಾಹಕರನ್ನೇ ಕೇಳಿ ನನಗಿದನ್ನು ತಿಳಿಸಿದವಳು ಅಕ್ಕ. "ಇನ್ನಷ್ಟು ತುಂಬೇ" ಎಂದವಳೂ ಅವಳೇ.

"ಏನಮ್ಮಾ ಇದು, ಸಂತೆನಾ?" ಎಂದರು ಸಾಹೇಬರು.

ನಾನು ಪಕ್ಕದಲ್ಲಿದ್ದ ಅಕ್ಕನ ಕಡೆ ನೋಡಿದೆ.

"ಚಿಕ್ಕಂದಿನಿಂದ ಹೀಗೇ ಸಾರ್, ಕಂಡದ್ದೆಲ್ಲ ತುರುಕ್ತಾಳೆ. ಬೇಡ ಅಂದ್ರೂ ಕೇಳ್ಲಿಲ್ಲ" ಎಂದು ನಕ್ಕುಬಿಟ್ಟಳು.

ಕಾಣದ ಊರಿನವರ ಮನಸ್ಸನ್ನು ಅವರ ಉತ್ತರಗಳ ಅನುವಾದಗಳಲ್ಲಿ ಓದಿ ತಿಳಿದೆನೆಂದುಕೊಳ್ಳುವವಳು ನಾನು. ಒಂದೇ ಕೋಣೆಯಲ್ಲಿ ನನ್ನ ಜೊತೆ ಬೆಳೆದವಳ ಮನಸ್ಸು ತಿಳಿಯಲಿಲ್ಲ.

ಈಗ ಬಾಗಿಲಾಚೆಯಿಂದ ಕರೆಯುತ್ತಿದ್ದಾಳೆ: "ಊಟಕ್ಕೆ ಬಾರೇ, ಮುನಿಸ್ಕೊಂಡ್ಯಾ?"

ಮುನಿಸಾಗಿದ್ದರೆ ಬೆಳಗಾಗುವುದರೊಳಗೆ ಇಳಿಯುತ್ತಿತ್ತು. ಇನ್ನು ಅವಳು "ಚೆನ್ನಾಗಿದೆ" ಎಂದಾಗಲೆಲ್ಲ ನಾನು ಇವತ್ತಿನ ಆ ನಗುವನ್ನೇ ಕೇಳುತ್ತೇನೆ.